ಆಕಾಶದ ಕಾವಲಿಗೆ ಒಂದು ಕೌದಿ

ಆಗ ನನಗೆ ಅರವತ್ತಮೂರು. ಮೂರು ವರ್ಷದ ಹಿಂದಿನ ಮಾತು. ಬರೆಯುವುದು ನನಗೆ ಹೊಲಿಯುವುದಕ್ಕಿಂತ ಕಷ್ಟ, ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆಯುವವಳು. ಆದ್ದರಿಂದ ಸುತ್ತುಬಳಸಿ ಹೇಳುವುದಿಲ್ಲ.

ನಾನೂ ನನ್ನ ನೆಗೆಣ್ಣಿಯೂ, ಅಂದರೆ ನನ್ನ ಮೈದುನನ ಹೆಂಡತಿ, ಹೈದರಾಬಾದಿನ ಹೊರವಲಯದ ಒಂದು ಸಣ್ಣ ಕಂಪನಿಯಲ್ಲಿ ಉಪಗ್ರಹಗಳಿಗೆ ಕೌದಿ ಹೊಲಿಯುತ್ತಿದ್ದೆವು. ಕೇಳಿದವರು ನಗುತ್ತಾರೆ. ನಗಲಿ. ಮೇಲೆ ಬಿಸಿಲು ಬಿದ್ದ ಕಡೆ ಕಾದ ಹಂಚು, ನೆರಳಿನ ಕಡೆ ಹಿಮ. ಹೊದಿಕೆ ಇಲ್ಲದಿದ್ದರೆ ಯಂತ್ರ ಒಂದು ಮಗ್ಗುಲು ಸುಟ್ಟು, ಇನ್ನೊಂದು ಮಗ್ಗುಲು ಸೆಟೆದು ಸಾಯುತ್ತದೆ. ಮಷೀನಿನಲ್ಲಿ ಹೊಲಿದರೆ ಆ ಹಾಳೆ ಹರಿಯುತ್ತದೆ, ಕೈಯಿಂದಲೇ ಆಗಬೇಕು. ನಮ್ಮಿಬ್ಬರ ಗಂಡಂದಿರೂ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿದ್ದವರು, ಇಬ್ಬರೂ ತೀರಿಕೊಂಡಿದ್ದರು. ಕೂಕಟ್‌ಪಲ್ಲಿಯ ಒಂದೇ ಮನೆಯಲ್ಲಿ ನಾವಿಬ್ಬರೇ. ಅವಳು ನನಗಿಂತ ನಾಲ್ಕು ವರ್ಷ ಚಿಕ್ಕವಳು, ಮಾತು ನಾಲ್ಕು ಪಟ್ಟು ಹೆಚ್ಚು.

ಆ ಸಲ ಬಂದದ್ದು ಬೇರೆ ಥರದ ಕೆಲಸ. ಕೆಲಸ ಶುರುವಾಗುವ ಮೊದಲು ಮ್ಯಾನೇಜರ್ ಒಬ್ಬ ಆಫೀಸರನ್ನು ಕರೆತಂದರು. ಸಾದಾ ಬಟ್ಟೆ ಹಾಕಿದ್ದರೂ ಬೆನ್ನು ನೋಡಿದರೆ ಫೌಜಿನವನೆಂದು ಗೊತ್ತಾಗುತ್ತಿತ್ತು. ಆತ ಕುರ್ಚಿ ಎಳೆದುಕೊಂಡು ನಮ್ಮೆದುರು ಕೂತು ಹಿಂದಿಯಲ್ಲಿ ತಿಳಿಸಿ ಹೇಳಿದ. ನಮ್ಮ ಫೌಜಿನ ಕಣ್ಣು, ಕಿವಿ, ಮಾತು ಎಲ್ಲ ಈಗ ಮೇಲೆ ಉಪಗ್ರಹಗಳಲ್ಲಿವೆಯಂತೆ. ಹಡಗಿನವರು, ಗಡಿಯವರು ಅವುಗಳ ಮೂಲಕವೇ ಮಾತಾಡುತ್ತಾರೆ, ದಾರಿ ನೋಡುತ್ತಾರೆ. ಬೇರೆಯವರು ತಮ್ಮ ಉಪಗ್ರಹವನ್ನು ಸದ್ದಿಲ್ಲದೆ ಪಕ್ಕಕ್ಕೆ ತಂದು ತಳ್ಳಬಹುದು, ಬೆಳಕು ಬಿಟ್ಟು ಕುರುಡು ಮಾಡಬಹುದು. ಅದಕ್ಕೇ ಈಗ ಮಾಡುತ್ತಿರುವುದು ಕಾವಲುಗಾರ ಉಪಗ್ರಹ. ನಮ್ಮವುಗಳ ಹತ್ತಿರ ಕೂತು ಸುತ್ತಲೂ ನೋಡುತ್ತಿರುತ್ತದೆ.

ನನ್ನ ನೆಗೆಣ್ಣಿ ಸುಮ್ಮನಿರಬೇಕಲ್ಲ. "ಹಾಥ್ ಮೇ ಡಂಡಾ ಹೈ ಕ್ಯಾ ಸಾಬ್ ಉಸಕೇ?" ಅಂದಳು.

"ಡಂಡಾ ಇಲ್ಲ ಅಮ್ಮಾ. ಕಣ್ಣು ಮಾತ್ರ."

ಅವಳು ನನ್ನ ಕಡೆ ತಿರುಗಿದಳು. "ಬಡಿಗಿ ಇಲ್ಲದ ಕಾವಲುಗಾರ ಅಂತ. ಇಂವನ್ನ ನೋಡಿ ಯಾವ ಕಳ್ಳ ಹೆದರ್ತಾನ ಅಕ್ಕ?"

ಆತನಿಗೆ ಕನ್ನಡ ತಿಳಿಯದಿದ್ದರೂ ಅವಳ ಮುಖ ತಿಳಿಯಿತು. ತನ್ನನ್ನು ಯಾರೋ ನೋಡುತ್ತಿದ್ದಾರೆ, ನಾಳೆ ಎಲ್ಲರೆದುರು ಹೆಸರು ಹೇಳುತ್ತಾರೆ ಎಂದು ಬಂದವನಿಗೆ ಖಾತ್ರಿಯಾದರೆ ಅವನು ಕೈ ಚಾಚುವುದಿಲ್ಲ, ಹೊಡೆದಾಟವೇ ಆಗುವುದಿಲ್ಲ, ಅದೇ ಇದರ ಕೆಲಸ ಅಂದ. ನನಗೆ ಚೆನ್ನಾಗಿ ಅರ್ಥವಾಯಿತು. ನಮ್ಮ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಗೇಟಿಗೆ ಡಬ್ಬದಂಥ ಸುಳ್ಳು ಕ್ಯಾಮೆರಾ ತೂಗುಹಾಕಿದ್ದ. ಅದು ಕುರುಡು ಎಂದು ಹಾಲಿನವನಿಗೆ ಗೊತ್ತಾಯಿತು, ಹಾಲಿನವನಿಂದ ಎಲ್ಲರಿಗೂ ಗೊತ್ತಾಯಿತು, ಕೊನೆಗೆ ಯಾರೋ ನೀರಿನ ಮೋಟರನ್ನೇ ಬಿಚ್ಚಿಕೊಂಡು ಹೋದರು. ಕಾಣದ ಕಣ್ಣಿಗೆ ಯಾರೂ ಹೆದರುವುದಿಲ್ಲ.

ನಮ್ಮ ಪಾಲಿಗೆ ಬಂದದ್ದು ಆ ಕಣ್ಣಿನ ಕೊರಳಪಟ್ಟಿ. ಕ್ಯಾಮೆರಾದ ಗಾಜಿನ ಸುತ್ತ ಒಂದು ಕೊಳವೆ ಇರುತ್ತದೆ, ಅದಕ್ಕೆ ಸುತ್ತುವ ಕೌದಿ. ಮೊದಲು ನಾವು ಹೊಲಿದವು ಹೊಟ್ಟೆಗೆ, ಬೆನ್ನಿಗೆ ಹೊದಿಸುವಂಥವು; ಬಂಗಾರದ ಬಣ್ಣದವು. ಇದರ ಹೊರಮೈ ಕಪ್ಪು, ಬೆಳಕು ಹೊಳೆದು ಕಣ್ಣಿಗೆ ಚುಚ್ಚಬಾರದಲ್ಲ. ಒಳಗೆ ಈರುಳ್ಳಿ ಸಿಪ್ಪೆಗಿಂತ ತೆಳ್ಳಗಿನ ಬೆಳ್ಳಿಬಣ್ಣದ ಹಾಳೆ, ಅದರ ಮೇಲೆ ನಾಂಪಲ್ಲಿಯ ನುಮಾಯಿಷ್ ಪ್ರದರ್ಶನದಲ್ಲಿ ಮದುಮಗಳ ಮುಸುಕಿಗೆಂದು ಮಾರುತ್ತಾರಲ್ಲ ಅಂಥ ಜಾಳಿಗೆ, ಮತ್ತೆ ಹಾಳೆ, ಮತ್ತೆ ಜಾಳಿಗೆ. ಹಾಗೆ ಪದರದ ಮೇಲೆ ಪದರ. ಹಾಳೆಗೆ ಹಾಳೆ ತಾಗಿದರೆ ಬಿಸಿ ದಾಟುತ್ತದೆ, ಆದ್ದರಿಂದ ದಾರ ಬಿಗಿಯಬಾರದು. ಸೂಜಿಯ ತೂತು ಹೆಚ್ಚಾದರೂ ಬಿಸಿ ಸೋರುತ್ತದೆ, ಆದ್ದರಿಂದ ಟಾಕಿ, ಅಂದರೆ ಒಂದೊಂದು ಹೊಲಿಗೆ, ದೂರ ದೂರ ಇರಬೇಕು. ತೀರಾ ದೂರವಾದರೆ ಪದರ ಜಾರುತ್ತವೆ. ಗಾಳಿ ಹೊರಗೆ ಹೋಗಲು ಸಣ್ಣ ಕಿಂಡಿ ಬಿಡಬೇಕು, ಇಲ್ಲದಿದ್ದರೆ ರಾಕೆಟ್ಟು ಏರುವಾಗ ಪೂರಿಯ ಹಾಗೆ ಉಬ್ಬಿ ಒಡೆಯುತ್ತದೆ.

ಕೋಣೆಗೆ ಹೋಗುವುದೇ ಒಂದು ವ್ರತ. ಮೈತುಂಬ ಬಿಳಿ ಅಂಗಿ, ತಲೆಗೆ ಟೋಪಿ, ಬಾಯಿಗೆ ಬಟ್ಟೆ, ಕೈಗೆ ಗವಸು, ಮೇಲೆ ಬುಸ್ಸೆಂದು ಗಾಳಿ ಸ್ನಾನ. ಬಳೆ ಇಲ್ಲ, ಪೌಡರ್ ಇಲ್ಲ. ನಮ್ಮ ವಿಭೂತಿ ಕೂಡ ಬೂದಿಯೇ ಎಂದು ತಪಾಸಣೆಯವಳು ಒರೆಸಿಸುತ್ತಿದ್ದಳು. ಅವಳು ನಲವತ್ತರ ತೆಲುಗು ಹೆಂಗಸು, ನಮ್ಮ ದೊಡ್ಡಮ್ಮ, ಚಿಕ್ಕಮ್ಮ ಅನ್ನುವ ಹಾಗೆ ನನ್ನನ್ನು ಪೆದ್ದಮ್ಮಾ ಎಂದೂ ನನ್ನ ನೆಗೆಣ್ಣಿಯನ್ನು ಚಿನ್ನಮ್ಮಾ ಎಂದೂ ಕರೆಯುತ್ತಿದ್ದಳು. ನಾವು ಹೊಲಿದದ್ದನ್ನು ನೋಡಿ ಸರಿ ಎಂದು ಸಹಿ ಹಾಕುವವಳು ಅವಳೇ. "ಹಣೀಗೆ ಬ್ಯಾಡಂದ್ರ ಹೊಟ್ಟೀಗೆ ಹಚ್ಕೊಂಡ ಬರ್ತೀನಿ, ಅಲ್ಲಿ ಯಾರ ನೋಡ್ತಾರ?" ಎಂದು ನನ್ನ ನೆಗೆಣ್ಣಿ ಜಗಳ ತೆಗೆದಿದ್ದಳು. ತಪಾಸಣೆಯವಳು ಕೈ ಮುಗಿದು ಬೇಡ ಅಂದಳು.

ಮೂರು ಅಂಚು ನಾನು ಹೊಲಿಯುವುದು, ನಾಲ್ಕನೆಯದನ್ನು ಹೊಲಿದು ಕೊನೆಯ ಮೂಲೆ ಮುಚ್ಚುವುದು ಅವಳು. ಮೊದಲಿನಿಂದಲೂ ಹಾಗೇ. ಮೂಲೆಯಲ್ಲಿ ಅವಳ ಕೈ ನನಗಿಂತ ಚೊಕ್ಕ. ಇದನ್ನು ನಾನು ಅವಳೆದುರು ಹೇಳಿಲ್ಲ.

ಕೊರಳಪಟ್ಟಿ ಮುಗಿಯಿತು. ಅದನ್ನು ಕಬ್ಬಿಣದ ಡ್ರಮ್ಮಿನಲ್ಲಿಟ್ಟು, ಗಾಳಿಯೆಲ್ಲ ಹೀರಿ ತೆಗೆದು, ಕಾಯಿಸಿದರು. ಒಳಗೆ ತಣ್ಣಗಿನ ಒಂದು ಗಾಜಿನ ತುಂಡು ಇಟ್ಟಿರುತ್ತಾರೆ. ಕೌದಿಯಿಂದ ಏನಾದರೂ ಆವಿ ಎದ್ದರೆ ಅದು ಆ ಗಾಜಿನ ಮೇಲೆ ಕೂರುತ್ತದೆ. ಮೇಲೆ ಹೋದಾಗ ಕ್ಯಾಮೆರಾದ ಗಾಜಿಗೂ ಹಾಗೇ ಆಗುತ್ತದೆ, ಅಲ್ಲಿ ಒರೆಸಲು ಯಾರಿದ್ದಾರೆ? ಹೊಟ್ಟೆ ಬೆನ್ನಿನ ಕೌದಿಗಳಿಗೆ ಇಷ್ಟು ಬಿಗಿ ಪರೀಕ್ಷೆ ಇರಲಿಲ್ಲ.

ಗಾಜು ಹೊರಗೆ ತಂದು ದೀಪಕ್ಕೆ ಹಿಡಿದರು. ಕನ್ನಡಿಗೆ ಉಸಿರು ಬಿಟ್ಟ ಹಾಗೆ ಒಂದು ಮೂಲೆಯಲ್ಲಿ ಮಂಜು.

ಮತ್ತೆ ಕಾಯಿಸಿದರು. ಮತ್ತೆ ಮಂಜು, ಸ್ವಲ್ಪ ಕಡಿಮೆ. ಆ ಗಾಜನ್ನು ಎಲ್ಲಿಗೋ ಕಳಿಸಿ ನೋಡಿಸಿದರು. ಅದು ಹಾಳೆಯದ್ದಲ್ಲ, ದಾರದ್ದಲ್ಲ, ಗಿಡದಿಂದ ಬಂದ ಪದಾರ್ಥ, ಎಣ್ಣೆ ಇರಬಹುದು ಎಂದು ಬಂತು. ಎಲ್ಲರ ಕಣ್ಣು ನನ್ನ ತಲೆಯ ಮೇಲೆ ಬಿತ್ತು. ನಾನು ತಲೆಗೆ ಎಣ್ಣೆ ಹಚ್ಚುತ್ತಿದ್ದೆ, ಅದು ಹೌದು. ಆದರೆ ಕೆಲಸ ಶುರುವಾದ ದಿನದಿಂದ ಬಿಟ್ಟಿದ್ದೆ. ಯಾರು ನಂಬುತ್ತಾರೆ? ಅದೇನೋ ಔಷಧದ ಸೋಪು ಕೊಟ್ಟು ಬಚ್ಚಲಿಗೆ ಕಳಿಸಿದರು. ನೆತ್ತಿ ಉರಿದು ಕೂದಲು ತೆಂಗಿನ ನಾರಾಯಿತು. ನನ್ನ ನೆಗೆಣ್ಣಿ ಹೊರಗೆ ಟವೆಲ್ ಹಿಡಿದು ನಿಂತಿದ್ದಳು.

"ನಾ ಹೇಳಿದ್ನಿಲ್ಲಕ್ಕ, ಅಷ್ಟ ಎಣ್ಣಿ ಬಡೀಬ್ಯಾಡ ಅಂತ."

"ಬಾಯಿ ಮುಚ್ಚು."

ಮ್ಯಾನೇಜರ್ ನಮ್ಮೆಲ್ಲರನ್ನೂ ಸೇರಿಸಿ ಹೇಳಿದರು. ಕಾರಣ ಸಿಗದೆ ಈ ಪಟ್ಟಿ ಹೋಗುವುದಿಲ್ಲ. ಹೊಸದು ಹೊಲಿದರೂ ಹೋಗುವುದಿಲ್ಲ, ಅದರಲ್ಲೂ ಅದೇ ದೋಷ ಇಲ್ಲವೆಂದು ಯಾರು ಹೇಳಬೇಕು? ರಾಕೆಟ್ಟಿನಲ್ಲಿ ಈ ಕಾವಲುಗಾರನಿಗೆ ಸೀಟು ಕಾದಿದೆ, ಹೊತ್ತಿಗೆ ಹೋಗದಿದ್ದರೆ ಆ ಸೀಟು ಬೇರೆಯವರ ಪಾಲು. ಸಹಿ ಹಾಕಿದವಳು ತಪಾಸಣೆಯವಳಾದ್ದರಿಂದ ಮೊದಲ ಜವಾಬು ಅವಳದ್ದು. ಆ ಹೆಂಗಸು ಅಂದಿನಿಂದ ಊಟದ ಡಬ್ಬಿ ತೆರೆದು ಹಾಗೇ ಮುಚ್ಚುತ್ತಿದ್ದಳು.

ಆ ಭಾನುವಾರ ಮನೆಯಲ್ಲಿದ್ದೆವು. ನಾನು ಒಲೆಯ ಮುಂದೆ, ಅವಳು ನೆಲಕ್ಕೆ ಕೂತು ಪಕ್ಕದ ಮನೆಯ ಬಾಣಂತಿಯ ಕೂಸಿಗೆ ಹಳೆ ಸೀರೆಯ ಕೌದಿ ಹೊಲಿಯುತ್ತಿದ್ದಳು.

"ಅಕ್ಕ, ಒಂದ ಚೂರ ರೊಟ್ಟಿ ಕೊಡು."

ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿಯನ್ನೋ ನಾಲ್ಕು ಕಾಳನ್ನೋ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ಖಾಲಿ ಇರಬಾರದು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ ಅನ್ನುತ್ತಾರೆ. ನಲವತ್ತು ವರ್ಷದಿಂದ ಅವಳು ಕೇಳುವುದು, ನಾನು ಮುರಿದು ಕೊಡುವುದು. ಅಂದೂ ಮುರಿದೆ, ಕೈ ಚಾಚಿದೆ. ಅವಳು ತೆಗೆದುಕೊಳ್ಳಲು ಬಂದಳು. ನಾನು ಬಿಡಲಿಲ್ಲ.

ಚೂರು ರೊಟ್ಟಿಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ.

"ಏ, ಅಲ್ಲೂ ಇಟ್ಟೀ ಏನ?"

"ಎಲ್ಲಿ?"

"ಎಲ್ಲಿ ಅಂತ ನಿನಗ ಗೊತ್ತೈತಿ."

ಅವಳು ಸೂಜಿಯನ್ನು ಕೌದಿಗೆ ಚುಚ್ಚಿಟ್ಟಳು. "ರೊಟ್ಟಿ ಅಲ್ಲ. ಒಂದ ಜ್ವಾಳದ ಕಾಳು. ಒಂದಽ ಒಂದು. ತೊಳದು ಒಣಗ್ಸಿ ಒಯ್ದಿದ್ದೆ."

ಕುಪ್ಪಸದ ತೋಳಿನ ಮಡಿಕೆಯಲ್ಲಿ ಸಿಕ್ಕಿಸಿಕೊಂಡು ಹೋಗಿದ್ದಳಂತೆ. ಗವಸು ಬದಲಿಸುವಾಗ ಬಿಳಿ ಅಂಗಿಯ ಕೈಯೊಳಗೆ ಬೆರಳು ತೂರಿಸಿ ತೆಗೆದು, ಜಾಳಿಗೆಯ ನಡುವೆ ಜಾರಿಸಿ, ಮೂಲೆ ಹೊಲಿದಿದ್ದಳು. ಪಕ್ಕದಲ್ಲೇ ಕೂತಿದ್ದ ನಾನು ನೋಡಿರಲಿಲ್ಲ, ಕಣ್ಣಿಗೆ ದೀಪ ಹಚ್ಚಿಕೊಂಡ ತಪಾಸಣೆಯವಳೂ ನೋಡಿರಲಿಲ್ಲ.

"ನನ್ನ ತಲಿ ಸುಲಿಯೂ ಹಂಗ ತೊಳಸಿದ್ರು. ನೀ ಟವೆಲ್ ಹಿಡ್ಕೊಂಡು ನಿಂತಿದ್ದಿ!"

"ನಿನ್ನ ಎಣ್ಣಿನ ಅಂತ ನಾನೂ ತಿಳ್ಕೊಂಡಿದ್ದೆ, ದೇವರಾಣಿ. ಒಂದ ಕಾಳು ಅಷ್ಟ ಉಸರ ಬಿಡತೈತಿ ಅಂತ ಯಾರಿಗ್ಗೊತ್ತಿತ್ತು? ಹಿಂದಿನವಕ್ಕೆಲ್ಲಾ ಇಟ್ಟೀನಿ. ಮ್ಯಾಲ ನೆಟ್ಟಗ ತಿರಗಾಕತ್ತಾವ."

"ಎಲ್ಲಾದಕ್ಕೂ?"

"ಮತ್ತ ಉಪವಾಸ ಕಳಸ್ಲೇನ ಅಷ್ಟ ದೂರ?"

ನನಗೆ ಸಿಟ್ಟು ಬಂತು, ನಗುವೂ ಬಂತು. ಸಿಟ್ಟನ್ನೇ ಹಿಡಿದುಕೊಂಡೆ. "ಹಸದ ಕೌದಿ ನಿದ್ದಿ ಕೊಡಂಗಿಲ್ಲ ಅಂತಲ್ಲೇನ? ಅಂವ ಕಾವಲುಗಾರ. ಅಂವಗ್ಯಾಕ ಬೇಕ ನಿದ್ದಿ? ಅಷ್ಟರ ತಿಳೀಬಾರದ?"

ಅವಳು ಯೋಚಿಸಿದಳು. ಹಾಗೆ ಅವಳಿಗೆ ಹೊಳೆದಿರಲಿಲ್ಲ, ನಿಜ ಹೇಳಿದರೆ ನನಗೂ ಆ ಕ್ಷಣದವರೆಗೆ ಹೊಳೆದಿರಲಿಲ್ಲ. ಆಮೇಲೆ ದನಿ ತಗ್ಗಿಸಿ ಅಂದಳು, "ನಾಳೆ ತಪಾಸಣೆಗೆ ಅಂತ ಮೂಲಿ ಬಿಚ್ಚಾಕ ಹಚ್ಚೇ ಹಚ್ತಾರ. ಹಗೂರಕ ತಗದ ಬಿಡ್ತೀನಿ. ಯಾರಿಗೂ ಗೊತ್ತಾಗಂಗಿಲ್ಲ."

ಒಳ್ಳೆಯ ಉಪಾಯವೇ. ಕಾಳು ಹೋಗುತ್ತದೆ, ಮಂಜು ಹೋಗುತ್ತದೆ, ಅವಳ ಕೆಲಸ ಉಳಿಯುತ್ತದೆ. ಹೇಳಿದರೆ ಅವಳನ್ನು ಮತ್ತೆ ಆ ಕೋಣೆಗೆ ಬಿಡುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಗಂಡ ಸತ್ತ ಮೇಲೆ ಎರಡು ವರ್ಷ ಗೋಡೆ ನೋಡುತ್ತಾ ಕೂತಿದ್ದವಳು ಆ ಮೇಜಿನ ಮುಂದೆ ಕೂತ ಮೇಲೇ ಬಾಯಿ ಬಿಟ್ಟದ್ದು. ಬಿಟ್ಟ ಬಾಯಿ ಮತ್ತೆ ಮುಚ್ಚಿಲ್ಲ, ಅದು ಬೇರೆ ಮಾತು.

ಆದರೆ ಮ್ಯಾನೇಜರ್ ಹೇಳಿದ್ದು ನನ್ನ ತಲೆಯಲ್ಲಿತ್ತು. ಮಂಜು ಹೋದರೆ ಸಾಲದು, ಯಾಕೆ ಬಂತು ಎಂದು ತಿಳಿಯಬೇಕು. ತಿಳಿಯದಿದ್ದರೆ ಕಾವಲುಗಾರ ಇಲ್ಲೇ ಉಳಿಯುತ್ತಾನೆ, ತಪಾಸಣೆಯವಳ ಮೇಲೆ ಗುಮಾನಿ ಉಳಿಯುತ್ತದೆ. ಅಂಟು ಕಾರಣವೋ, ಜಾಳಿಗೆ ಕಾರಣವೋ ಎಂದು ಹುಡುಕುತ್ತಲೇ ಇರುತ್ತಾರೆ, ಅಷ್ಟು ದಿನ ಮೇಲಿರುವ ನಮ್ಮವು ಕಾವಲಿಲ್ಲದೆ ಇರುತ್ತವೆ. ಪಲ್ಯ ತಳ ಹಿಡಿಯುವವರೆಗೆ ನಾನು ಯೋಚಿಸಿದೆ. ಆಮೇಲೆ ಹೇಳಿದೆ, "ಹೇಳಬೇಕು. ನೀ ಹೇಳ್ತೀಯೋ, ನಾ ಹೇಳ್ಲೋ?"

"ನೀ ಹೇಳಿದ್ರ ನಿನ್ನ ಮಾರಿ ನೋಡಂಗಿಲ್ಲ."

"ನೋಡಬ್ಯಾಡ. ಎರಡ ಖೋಲಿ ಮನ್ಯಾಗ ಹೆಂಗ ನೋಡದ ಇರ್ತೀ, ನಾನೂ ನೋಡ್ತೀನಿ."

ಸೋಮವಾರ ಮಧ್ಯಾಹ್ನ ಆಫೀಸರ್ ಬಂದಿದ್ದ. ಮ್ಯಾನೇಜರ್, ತಪಾಸಣೆಯವಳು, ನಾವಿಬ್ಬರು. ಮೇಜಿನ ಮೇಲೆ ಆ ಮಂಜಿನ ಗಾಜು. ನಾನು ಅವಳ ಕಡೆ ನೋಡಿದೆ, ಅವಳು ಫ್ಯಾನಿನ ಕಡೆ ನೋಡಿದಳು. ಸರಿ ಎಂದು ನಾನೇ ಎದ್ದು ನಿಂತೆ. ನನ್ನ ಹಿಂದಿ ಬಜಾರಿನದ್ದು, ತರಕಾರಿ ಚೌಕಾಸಿಗೆ ಆಗುವಷ್ಟು. "ಸಾಬ್, ಉಸಕೇ ಅಂದರ್ ರೋಟಿ ಹೈ" ಎಂದು ಶುರು ಮಾಡಿದೆ. ಗಾಬರಿಯಲ್ಲಿ ಕಾಳಿಗೆ ಹಿಂದಿ ಶಬ್ದ ಸಿಗಲಿಲ್ಲ. "ಮೈ ದೀ, ಇನೇ ರಖೀ..." ನಾನು ಕೊಟ್ಟೆ, ಇವಳು ಇಟ್ಟಳು ಎಂದು.

"ರೊಟ್ಟಿ ಎಲ್ಲೈತಿ!" ಪಕ್ಕದಿಂದ ನನ್ನ ನೆಗೆಣ್ಣಿ ಧಡಕ್ಕನೆ ಎದ್ದಳು. "ಸುಳ್ಳ ಯಾಕ ಹೇಳ್ತಿ? ನೀ ಎಲ್ಲಿ ಕೊಟ್ಟಿ ನನಗ? ಇದರಾಗ ನಿನ್ನದೇನೂ ಇಲ್ಲ, ಕುಂದರು."

ನಾನು ಕೂತೆ. ಅವಳು ಎಲ್ಲ ಹೇಳಿದಳು. ಹಿಂದಿ, ತೆಲುಗು, ಕನ್ನಡ ಕಲಸಿ, ಕುಪ್ಪಸದ ತೋಳು ಮಡಚಿ ತೋರಿಸಿ, ಬೆರಳು ಹೇಗೆ ತೂರಿಸಿದಳೆಂದು ಮಾಡಿ ತೋರಿಸಿ ಹೇಳಿದಳು. ಒಂದೇ ಒಂದು ಜೋಳದ ಕಾಳು, ನಾಲ್ಕನೆಯ ಅಂಚಿನ ಕೊನೆಯ ಮೂಲೆ. ಹಿಂದಿನವುಗಳಲ್ಲೂ ಇದೆ ಎಂದು ಅದನ್ನೂ ಬಿಡದೆ ಹೇಳಿದಳು. ಮ್ಯಾನೇಜರ್ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ತಪಾಸಣೆಯವಳು "ಅಯ್ಯೋ ಚಿನ್ನಮ್ಮಾ" ಅಂದದ್ದು ಅಳುವೋ ನಗುವೋ ತಿಳಿಯಲಿಲ್ಲ.

ಆಫೀಸರ್ ಕೇಳಿದ್ದು ಒಂದೇ ಮಾತು. ಯಾಕೆ?

"ಪೆಹ್ರಾ ದೇನೇ ಕು ಜಾ ರಾ ನಾ ಸಾಬ್," ಅಂದಳು. "ಖಾಲಿ ಪೇಟ್ ಕೌನ್ ಭೇಜತಾ?" ಕಾವಲಿಗೆ ಹೋಗುವವನನ್ನು ಹಸಿದ ಹೊಟ್ಟೆಯಲ್ಲಿ ಯಾರು ಕಳಿಸುತ್ತಾರೆ ಎಂದು.

ಆತ ನಗಲಿಲ್ಲ. ಗಾಜನ್ನು ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ತನ್ನ ತಾಯಿ ಕೂಡ ಡ್ಯೂಟಿಗೆ ಹೊರಟಾಗ ಏನಾದರೂ ತಿನ್ನಿಸದೆ ಬಾಗಿಲು ದಾಟಿಸುವುದಿಲ್ಲ ಅಂದ. ಆಮೇಲೆ ದನಿ ಬದಲಾಯಿತು. ಈ ಮಂಜು ಗಾಜಿಗೆ ಕೂತಿದ್ದರೆ ಹತ್ತಿರ ಬಂದವನು ಕಲ್ಲೋ ಕಳ್ಳನೋ ತಿಳಿಯುತ್ತಿರಲಿಲ್ಲ. ಅದು ಬಂದವನಿಗೂ ಬೇಗ ಗೊತ್ತಾಗುತ್ತಿತ್ತು. ನೀವು ಒಳ್ಳೆಯ ಮನಸ್ಸಿನಿಂದ ಮಾಡಿದಿರಿ, ಆದರೆ ಮತ್ತೆ ಆ ಕೋಣೆಗೆ ಬರಬೇಡಿ. ಇಷ್ಟು ಹೇಳಿದ. ಮ್ಯಾನೇಜರ್ ಇನ್ನೂ ದೊಡ್ಡದಾಗಿ ಏನೋ ಬಯ್ಯಲು ಬಾಯಿ ತೆರೆದಿದ್ದರು, ಆತ ಕೈ ಎತ್ತಿ ತಡೆದ. ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದು ಅವಳಿಗೆ ಹೇಳಿ ಹೊರಟ.

ನಾಳೆ ನಾನು ಆ ಮೂಲೆ ಬಿಚ್ಚಿ, ಕಾಳು ತೆಗೆದು, ಸೀಸೆಯಲ್ಲಿ ಹಾಕಿ ಕೊಡಬೇಕು, ಮತ್ತೆ ಹೊಲಿದು ಮುಚ್ಚಬೇಕು. ಸಂಶಯ ಬಂದರೆ ಅವಳು ಹೊಲಿದ ಪೂರ್ತಿ ಅಂಚನ್ನೇ ಬಿಚ್ಚಿ ಹೊಸದಾಗಿ ಹಾಕಬೇಕು. ಹೀಗೆ ತೀರ್ಮಾನವಾಯಿತು.

ಅವಳು ತನ್ನ ಲಾಕರಿನಿಂದ ಕನ್ನಡಕದ ಡಬ್ಬಿ ಮತ್ತು ಬಾಚಣಿಗೆ ತೆಗೆದುಕೊಂಡಳು. ತಪಾಸಣೆಯವಳು ಗೇಟಿನವರೆಗೆ ಬಂದು ಅವಳ ಕೈ ಹಿಡಿದುಕೊಂಡಳು. "ಊಟ ಮಾಡವ್ವ ಇನ್ನ, ಸೊರಗೀ" ಎಂದು ನನ್ನ ನೆಗೆಣ್ಣಿಯೇ ಅವಳಿಗೆ ಬುದ್ಧಿ ಹೇಳಿದಳು. ಕಂಪನಿಯ ವ್ಯಾನಿನಲ್ಲಿ ನನ್ನ ಪಕ್ಕ ಕೂರದೆ ಮುಂದೆ ಡ್ರೈವರನ ಹತ್ತಿರ ಹೋಗಿ ಕೂತಳು. ಮನೆಯಲ್ಲಿ ರೊಟ್ಟಿ ಬಡಿದಳು. ನನ್ನ ತಟ್ಟೆಯನ್ನು ಮುಖ ನೋಡದೆ ನನ್ನ ಕಡೆ ದೂಡಿದಳು. ಟೀವಿಯ ಜೊತೆ ಮಾತಾಡಿದಳು, ಬಾಲ್ಕನಿಯ ಪಾರಿವಾಳದ ಜೊತೆ ಮಾತಾಡಿದಳು. ನನ್ನ ಜೊತೆ ಇಲ್ಲ. ಮಾಡಿದ್ದು ತಪ್ಪು ಎಂದು ನನಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ಆದರೆ ಅಂದು ಎರಡನೆಯ ರೊಟ್ಟಿಯನ್ನು ಮಡಚಿ ಡಬ್ಬಿಗೆ ಹಾಕಿಟ್ಟೆ, ಅದೂ ನಿಜ.

ಮರುದಿನ ಬೆಳಿಗ್ಗೆ ನಾನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆ. ಅಡಿಗೆಮನೆಯಿಂದ ದನಿ ಬಂತು.

"ಮೂಲಿ ಬಿಚ್ಚುವಾಗ ದಾರ ಜಗ್ಗಬ್ಯಾಡ. ಹಾಳಿ ಹರೀತೈತಿ. ಒಂದೊಂದ ಟಾಕಿ ಕತ್ತರಿಸಿ ತಗಿ."

"ಗೊತ್ತೈತಿ."

"ಏನ ಗೊತ್ತೈತಿ? ಯಾವತ್ತಿದ್ರೂ ಜಗ್ಗಾಕೀನ ನೀ."

ನಾನು ಕೆಲಸಕ್ಕೆ ಹೋದೆ. ಬಿಳಿ ಅಂಗಿ ಹಾಕಿ, ಗಾಳಿ ಸ್ನಾನ ಮಾಡಿ, ಅವಳ ಕುರ್ಚಿಯಲ್ಲೇ ಕೂತೆ, ಆ ಮೂಲೆ ಅಲ್ಲಿಂದಲೇ ಕೈಗೆ ಸರಿಯಾಗಿ ಸಿಗುವುದು. ದಾರ ಜಗ್ಗಲಿಲ್ಲ. ಒಂದೊಂದೇ ಟಾಕಿಯನ್ನು ಕತ್ತರಿಸಿ ಚಿಮಟದಿಂದ ತೆಗೆದೆ. ಜಾಳಿಗೆಯ ನಡುವೆ ಕಾಳು ಇತ್ತು, ಕಾವಿಗೆ ಬಣ್ಣಗೆಟ್ಟು ಸುಕ್ಕಾಗಿತ್ತು. ಸೀಸೆಗೆ ಹಾಕಿ ಕೊಟ್ಟೆ. ತಪಾಸಣೆಯವಳು ದೀಪ ಹಿಡಿದು ಮೂಲೆಯ ಒಳಗೆ ನೋಡಿದಳು, ಮತ್ತೇನೂ ಇಲ್ಲ. ನನ್ನನ್ನು ಕೇಳಿದಳು, "ಈ ಲೈನಂತಾ ಮಳ್ಳೀ ಕುಡತಾರಾ ಪೆದ್ದಮ್ಮಾ?" ಅಂಚನ್ನೆಲ್ಲ ಮತ್ತೆ ಹೊಲಿಯುತ್ತೀರಾ ಎಂದು.

ನಾನು ಆ ಅಂಚನ್ನು ದೀಪದ ಕೆಳಗೆ ಉದ್ದಕ್ಕೂ ನೋಡಿದೆ. ಎಲ್ಲೂ ಬಿಗಿ ಇಲ್ಲ, ಎಲ್ಲೂ ಸಡಿಲ ಇಲ್ಲ.

"ಬೇಡ. ಉಳಿದದ್ದು ನೆಟ್ಟಗಿದೆ," ಅಂದೆ. ಅವಳ ಹೊಲಿಗೆ ಎಲ್ಲಿ ನಿಂತಿತ್ತೋ ಅಲ್ಲಿಂದ ನನ್ನ ಸೂಜಿ ಹಾಕಿದೆ.